ಬಾಗಿಲು ಕಾಯುವ ಪರದೇಶಿ

ಶ್ರೀರಂಗಪಟ್ಟಣದಿಂದ ಬೆಳಗೊಳದ ಕಡೆಗೆ ಸಾಗುವ ಹಾದಿಯಲ್ಲಿ, ರಂಗನತಿಟ್ಟಿನ ನೆರೆಯಲ್ಲಿ, ಪಾಲಹಳ್ಳಿ ಎಂಬ ಗ್ರಾಮವುಂಟು. ಊರಿಗೆ ಆ ಹೆಸರು ಹೇಗೆ ಬಂದಿತೆಂಬ ಚರ್ಚೆಯನ್ನು ಪಂಡಿತರ ಪಾಲಿಗೆ ಬಿಡಬಹುದು. ಆದರೆ ಸಂಸ್ಕೃತದಲ್ಲಿ ‘ಪಾಲ’ನೆಂದರೆ ಕಾಪಾಡುವವನು, ದ್ವಾರಪಾಲನೂ ಕ್ಷೇತ್ರಪಾಲನೂ ಆ ಬಳಗಕ್ಕೆ ಸೇರಿದವರೇ. ಕಾವಲಿನ ವಿಚಾರವನ್ನೆತ್ತುವವರಿಗೆ ಈ ಊರು ಹೆಸರಿನಿಂದಲೇ ಶುಭಶಕುನವಾಗಿ ಒದಗುತ್ತದೆ.

ಹಿಂದಿನ ಕಾಲದಲ್ಲಿ ಮೈಸೂರು ಸೀಮೆಯ ಹಳ್ಳಿಗಳ ಕಾವಲು ಹೊರಗಿನವರ ಕೈಗೆ ಹೋಗುತ್ತಿರಲಿಲ್ಲ. ತಳವಾರನು ಊರನ್ನು ಕಾಯುತ್ತಿದ್ದನು. ತೋಟಿಯು ಪೈರನ್ನೂ ಎಲ್ಲೆಕಟ್ಟನ್ನೂ ನೋಡಿಕೊಳ್ಳುತ್ತಿದ್ದನು. ನೀರಗಂಟಿಯು ನಾಲೆಯ ನೀರನ್ನು ಗದ್ದೆಗದ್ದೆಗೆ ಹಂಚುತ್ತಿದ್ದನು. ಸುಗ್ಗಿಯ ಕಣದಲ್ಲಿ ಅವರವರ ಆಯ ಅವರವರಿಗೆ ಸಲ್ಲುತ್ತಿತ್ತು. ಅವರಲ್ಲಿ ಯಾರಿಗೂ ಲೈಸೆನ್ಸು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಾಯುವವನ ತಂದೆ ಯಾರು, ತಾತ ಯಾರು, ಮನೆ ಯಾವ ಕೇರಿಯಲ್ಲಿದೆ, ಕೋಪ ಬಂದರೆ ಏನು ಮಾಡಿಯಾನು, ಎಲ್ಲವನ್ನೂ ಊರು ಬಲ್ಲುದಾಗಿತ್ತು. ಆ ಏರ್ಪಾಡನ್ನು ಹಾಡಿ ಹೊಗಳಬೇಕಾದುದೇನೂ ಇಲ್ಲ. ಹುಟ್ಟಿನ ಕಾರಣದಿಂದಲೇ ಒಬ್ಬನ ಹೆಗಲಿಗೆ ಊರ ಚಾಕರಿಯನ್ನು ಕಟ್ಟಿ, ಅವನ ಮಗನ ಹೆಗಲಿಗೂ ಅದನ್ನೇ ವರ್ಗಾಯಿಸುತ್ತಿದ್ದ ಪದ್ಧತಿ ಅದು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದು, ವಂಶಪಾರಂಪರ್ಯದ ಆ ಹುದ್ದೆಗಳನ್ನು ತೊಡೆದುಹಾಕಿದುದು ನ್ಯಾಯವೇ ಆಯಿತು. ಆದರೆ ಕಾಯುವವನನ್ನು ಊರು ಬಲ್ಲುದೆಂಬ ಒಂದು ನೆಮ್ಮದಿಯೂ ಆ ಹುದ್ದೆಯೊಡನೆಯೇ ಹೊರಟುಹೋಯಿತು.

ಅದಕ್ಕೂ ಬಹಳ ಮೊದಲೇ ಪಾಲಹಳ್ಳಿಯು ಬೇರೊಂದು ಬಗೆಯ ಗೇಟನ್ನು ಕಂಡಿತ್ತು. 1847ರಲ್ಲಿ ಅಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಸುತ್ತಲಿನ ರೈತರು ಬೇಯಿಸಿದ ಬೆಲ್ಲವನ್ನು ಶುದ್ಧಿಮಾಡಿ ಸಕ್ಕರೆಯಾಗಿಸುವುದು ಅದರ ಉದ್ದೇಶ. ಕಾರ್ಖಾನೆ ಬಂದ ಕಡೆಯಲ್ಲಿ ಉಗ್ರಾಣ ಬರುತ್ತದೆ; ಉಗ್ರಾಣವಿದ್ದ ಕಡೆಯಲ್ಲಿ ಗೋಡೆ, ಗೋಡೆಯಿದ್ದ ಕಡೆಯಲ್ಲಿ ಗೇಟು, ಗೇಟಿದ್ದ ಕಡೆಯಲ್ಲಿ ಪಹರೆ. ಊರಿನ ಪೈರನ್ನು ಕಾಯುವವನು ಊರಿನ ಆಳು. ಉಗ್ರಾಣದ ಮೂಟೆಯನ್ನು ಕಾಯುವವನು ಸಂಬಳದ ಆಳು. ಮೊದಲನೆಯವನನ್ನು ಊರು ಬಲ್ಲುದು. ಎರಡನೆಯವನನ್ನು ಅವನಿಗೆ ಸಂಬಳ ಕೊಡುವವನು ಬಲ್ಲನೇ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಬೆಳೆಯುತ್ತಲೇ ಬಂದಿದೆ.

ಮೈಸೂರು ಬೆಂಗಳೂರುಗಳಂಥ ನಗರಗಳಲ್ಲಿ ಈ ಪ್ರಶ್ನೆಗೆ ಒಂದು ಮುಖವೇ ಉಂಟು. ಊರೆಲ್ಲ ಮಲಗಿದ ಮೇಲೆ, ಕೋಲನ್ನು ನೆಲಕ್ಕೆ ತಟ್ಟುತ್ತ, ಸೀಟಿಯೂದುತ್ತ ಬೀದಿಯ ಈ ಕೊನೆಯಿಂದ ಆ ಕೊನೆಗೆ ನಡೆಯುವವನನ್ನು ಮಕ್ಕಳು ಮೊದಲಾಗಿ ಎಲ್ಲರೂ ‘ಗೂರ್ಖ’ ಎಂದೇ ಕರೆದರು. ತಿಂಗಳ ಮೊದಲ ವಾರದಲ್ಲಿ ಅವನು ಮನೆಮನೆಯ ಮುಂದೆ ನಿಂತು, “ಅಮ್ಮಾ, ಗೂರ್ಖ” ಎಂದು ಸವಿನಯವಾಗಿ ಹೇಳುವುದೂ, ಮನೆಯಾಕೆ ಸೆರಗಿನ ಗಂಟಿನಿಂದಲೋ ಸಾಸಿವೆ ಡಬ್ಬಿಯಿಂದಲೋ ಚಿಲ್ಲರೆ ತೆಗೆದುಕೊಡುವುದೂ ಎಷ್ಟೋ ಬಡಾವಣೆಗಳ ವಾಡಿಕೆಯಾಗಿತ್ತು. ಮನೆಗಳು ಅಪಾರ್ಟ್‌ಮೆಂಟುಗಳಾದವು; ಕೋಲಿನ ಬದಲು ಟಾರ್ಚು, ಕೋಟಿನ ಬದಲು ಏಜೆನ್ಸಿಯ ಸಮವಸ್ತ್ರ ಬಂದವು. ಆದರೂ ನೇಪಾಳದ ಗುಡ್ಡಗಾಡಿನಿಂದ ಇಳಿದು ಬಂದವರು ಕನ್ನಡ ನಾಡಿನ ಗೇಟುಗಳಲ್ಲಿ ನಿಲ್ಲುವುದು ನಿಂತಿಲ್ಲ.

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡರ್ಥ. ಬೇರೆ ದೇಶದವನೆಂಬುದು ಒಂದು, ದಿಕ್ಕಿಲ್ಲದವನೆಂಬುದು ಇನ್ನೊಂದು. ಗೇಟಿನಲ್ಲಿ ನಿಂತವನಿಗೆ ಅನೇಕ ವೇಳೆ ಎರಡೂ ಅರ್ಥಗಳು ಒಮ್ಮೆಗೇ ಒಪ್ಪುತ್ತವೆ. ಮನೆಯ ಬೀಗ, ವಾಹನ, ಶಾಲೆಯಿಂದ ಬರುವ ಮಕ್ಕಳು, ಒಂಟಿಯಾಗಿರುವ ವೃದ್ಧರು, ಇವೆಲ್ಲವನ್ನೂ ಅವನ ಕಣ್ಣಿಗೆ ಒಪ್ಪಿಸಲಾಗಿದೆ. ಅನ್ಯದೇಶದವನೊಬ್ಬನಿಗೆ ಇಂಥ ಕಾವಲನ್ನು ವಹಿಸಬಹುದೆ? ವಹಿಸುವುದಾದರೆ ಅವನಿಗೆ ಅಧಿಕಾರಪತ್ರವನ್ನು ಕೊಡುವವರು ಯಾರು, ಏನನ್ನು ನೋಡಿ ಕೊಡಬೇಕು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಪಾಲಹಳ್ಳಿಯಿಂದ ಬಹಳ ದೂರ ಹೋಗಬೇಕಾಗಿಲ್ಲ. ಪಕ್ಕದ ಶ್ರೀರಂಗಪಟ್ಟಣದ ಕೋಟೆಯೇ ಅದಕ್ಕೆ ಪಾಠಶಾಲೆ.

ಹೈದರನ ಸೈನ್ಯದಲ್ಲಿಯೂ ಟಿಪ್ಪುವಿನ ಸೈನ್ಯದಲ್ಲಿಯೂ ಫ್ರೆಂಚರಿದ್ದರೆಂಬುದು ಶಾಲೆಯ ಹುಡುಗರಿಗೂ ಗೊತ್ತು. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರು ಸೋತ ಕಾಳಗದಲ್ಲಿ ಲಾಲಿ ಎಂಬ ಫ್ರೆಂಚ್ ಸರದಾರನ ದಳವು ಮೈಸೂರಿನ ಪರವಾಗಿ ಹೋರಾಡಿತು. ಮುಂದೆ 1798ರ ಜನವರಿಯಲ್ಲಿ, ಈಗ ಮಾರಿಷಸ್ ಎನಿಸಿಕೊಂಡಿರುವ ದ್ವೀಪದ ಫ್ರೆಂಚ್ ಗವರ್ನರನಾದ ಮಲಾರ್ತಿಕನು, ಟಿಪ್ಪುವಿನ ಸೇವೆಗೆ ಸೇರಬಯಸುವವರು ಮುಂದೆ ಬರಬೇಕೆಂದು ಬಹಿರಂಗವಾಗಿ ಘೋಷಣೆ ಹೊರಡಿಸಿದನು. ಅದನ್ನು ಕೇಳಿ ಮಂಗಳೂರಿಗೆ ಬಂದಿಳಿದವರು ನೂರು ಮಂದಿಯೂ ಇರಲಿಲ್ಲ. ಆದರೆ ಆ ಘೋಷಣೆಯ ಪ್ರತಿ ಕಲ್ಕತ್ತೆಯಲ್ಲಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈಗೆ ಸೇರಿದಾಗ, ಯುದ್ಧವನ್ನು ಹೂಡಲು ಅವನಿಗೆ ಬೇಕಾಗಿದ್ದ ನೆಪ ಸಿಕ್ಕಂತಾಯಿತು. ನೂರು ಜನರ ನೆರವಿಗಿಂತ, ನೂರು ಜನರು ಬಂದರೆಂಬ ಸುದ್ದಿಯ ಕೇಡೇ ಹೆಚ್ಚಾಯಿತು. ಅನ್ಯದೇಶದವರನ್ನು ಕಾವಲಿಗೆ ತೆಗೆದುಕೊಳ್ಳುವ ವಿಚಾರವು ಇಬ್ಬರು ವ್ಯಕ್ತಿಗಳ ನಡುವಿನ ಕರಾರಷ್ಟೇ ಆಗಿರದೆ, ರಾಜ್ಯದ ವಿಚಾರವೂ ಹೌದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಇನ್ನೊಂದು ಪಕ್ಷದ ಕಡೆಗೆ ನೋಡಿದರೆ ಅಲ್ಲಿಯೂ ಪರದೇಶಿಗಳೇ. ಸ್ವಿಟ್ಜರ್ಲೆಂಡಿನ ನ್ಯೂಷಾತೆಲ್ ಎಂಬ ಊರಿನ ಡಿ ಮ್ಯೂರಾನ್ ಎಂಬ ಶ್ರೀಮಂತನು 1781ರಲ್ಲಿ ಒಂದು ಬಾಡಿಗೆಯ ರೆಜಿಮೆಂಟನ್ನು ಕಟ್ಟಿ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಒದಗಿಸಿದನು. ಅದು ಸಿಂಹಳದಲ್ಲಿ ಡಚ್ಚರ ಕೋಟೆಗಳನ್ನು ಕಾಯುತ್ತಿತ್ತು. 1795ರಲ್ಲಿ ಒಂದು ಕರಾರುಪತ್ರಕ್ಕೆ ರುಜು ಬಿದ್ದುದೇ ತಡ, ರೆಜಿಮೆಂಟಿಗೆ ರೆಜಿಮೆಂಟೇ ಇಂಗ್ಲಿಷರ ಸೇವೆಗೆ ವರ್ಗವಾಯಿತು. ನಿನ್ನೆ ಯಾರಿಂದ ಕೋಟೆಯನ್ನು ಕಾಯುತ್ತಿದ್ದರೋ ಇಂದು ಅವರಿಗೇ ಅದನ್ನು ಬಿಟ್ಟುಕೊಡುವ ಪ್ರಸಂಗ. ನಾಲ್ಕು ವರ್ಷಗಳ ಮೇಲೆ ಅದೇ ರೆಜಿಮೆಂಟು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲುಗೊಂಡು, ಕೋಟೆ ಬಿದ್ದ ಬಳಿಕ ಅಲ್ಲಿಯೇ ಪಹರೆಗೆ ನಿಂತಿತು. ಕಾವೇರಿಯ ದಡದಲ್ಲಿರುವ ಗ್ಯಾರಿಸನ್ ಸ್ಮಶಾನದಲ್ಲಿ ಆ ರೆಜಿಮೆಂಟಿನವರ ಗೋರಿಗಳು ಇಂದಿಗೂ ಇವೆ. ಆಲ್ಪ್ಸ್ ಪರ್ವತದ ಕಡೆಯ ಯುವಕರು ಯಾರ ಕೋಟೆಯನ್ನು ಯಾರಿಗಾಗಿ ಕಾಯಲು ಬಂದು ಇಲ್ಲಿ ಮಣ್ಣಾದರೆಂದು ನೋಡುವವರ ಮನಸ್ಸು ಕರಗದಿರದು. ಆದರೆ ಪಾಠವೂ ಸ್ಪಷ್ಟ. ಪಕ್ಷ ಬದಲಾದುದು ಸಿಪಾಯಿಯ ಮನಸ್ಸಿನಿಂದಲ್ಲ, ಒಡೆಯನ ರುಜುವಿನಿಂದ. ಬಾಡಿಗೆಯ ಕಾವಲಿನಲ್ಲಿ ಅಪಾಯವಿರುವುದಾದರೆ ಅದು ಗೇಟಿನಲ್ಲಿ ನಿಂತವನಿಗಿಂತ, ಅವನನ್ನು ಬಾಡಿಗೆಗೆ ಕೊಡುವವನಲ್ಲಿ ಹೆಚ್ಚಾಗಿರುತ್ತದೆ.

ಕೋಟೆಯು ಬಿದ್ದುದು 1799ರ ಮೇ 4ರಂದು. ಆ ಮಧ್ಯಾಹ್ನ ಒಡೆದ ಗೋಡೆಯ ಬಳಿಯಿದ್ದ ಸೈನಿಕರನ್ನು, ಸಂಬಳ ಹಂಚುವ ನೆಪದಿಂದ, ದಿವಾನ ಮೀರ್ ಸಾದಿಕನು ಬೇರೆಡೆಗೆ ಕರೆಸಿಕೊಂಡನೆಂಬ ಕಥೆ ಜನಜನಿತವಾಗಿದೆ. ಇತಿಹಾಸದ ತಕ್ಕಡಿಯಲ್ಲಿ ಆ ಕಥೆಯ ತೂಕವೇನೇ ಇರಲಿ, ಜನರ ನೆನಪು ದ್ರೋಹದ ಹೊರೆಯನ್ನು ಹೊರಿಸಿರುವುದು ಅರಮನೆಯ ಒಳಗಿನವನ ಮೇಲೆ. ಕೊನೆಯವರೆಗೂ ಕೋಟೆಯಲ್ಲಿದ್ದು, ಅದು ಬಿದ್ದ ಮೇಲೆ ಸೆರೆಯಾದ ಬೆರಳೆಣಿಕೆಯ ಫ್ರೆಂಚರ ಮೇಲಲ್ಲ. ನೆಲದವನೆಂಬ ಮಾತ್ರದಿಂದ ನಂಬಿಗಸ್ತನೂ ಅಲ್ಲ, ಹೊರಗಿನವನೆಂಬ ಮಾತ್ರದಿಂದ ವಂಚಕನೂ ಅಲ್ಲವೆಂಬ ವಿವೇಕವನ್ನು ಆ ಊರಿನ ಜನರು ಕಥೆಯ ರೂಪದಲ್ಲಿಯೇ ಉಳಿಸಿಕೊಂಡು ಬಂದಿದ್ದಾರೆ.

ಗೂರ್ಖರ ಕಥೆ ಇದಕ್ಕಿಂತ ಬೇರೆ. ಕಾಠ್ಮಂಡುವಿನ ಪಶ್ಚಿಮಕ್ಕಿರುವ ಗೋರ್ಖಾ ಎಂಬ ಚಿಕ್ಕ ಬೆಟ್ಟದ ರಾಜ್ಯದಿಂದ ಅವರ ಹೆಸರು ಬಂದಿತು. 1814ರಿಂದ 1816ರವರೆಗೆ ನಡೆದ ಯುದ್ಧದಲ್ಲಿ ಅವರ ಶೌರ್ಯವನ್ನು ಎದುರಾಳಿಗಳಾಗಿ ಕಂಡ ಇಂಗ್ಲಿಷರು 1815ರಲ್ಲಿಯೇ ಅವರನ್ನು ತಮ್ಮ ಪಡೆಗೆ ಸೇರಿಸಿಕೊಳ್ಳತೊಡಗಿದರು. ಸ್ವಾತಂತ್ರ್ಯ ಬಂದಾಗ, 1947ರ ತ್ರಿಪಕ್ಷ ಒಪ್ಪಂದದಂತೆ, ಹತ್ತು ಗೂರ್ಖ ರೆಜಿಮೆಂಟುಗಳಲ್ಲಿ ಆರು ಭಾರತಕ್ಕೆ ಉಳಿದುವು. ನಾಲ್ಕು ಬ್ರಿಟನ್ನಿಗೆ ಹೋದುವು. ದಂಡಿನಲ್ಲಿ ದೊರೆತ ಕೀರ್ತಿಯೇ ಬೀದಿಯ ಕಾವಲಿಗೂ ಶಿಫಾರಸುಪತ್ರವಾಯಿತು. ಸೈನ್ಯದ ಮೆಟ್ಟಿಲನ್ನೇ ಹತ್ತದ ನೇಪಾಳಿ ಯುವಕನಿಗೂ ಆ ಹೆಸರಿನ ಬಲದಿಂದ ಕೆಲಸ ಸಿಕ್ಕಿತು. 1950ರ ಜುಲೈ 31ರಂದು ಭಾರತ ನೇಪಾಳಗಳ ನಡುವೆ ಆದ ಶಾಂತಿ ಮತ್ತು ಸ್ನೇಹ ಒಪ್ಪಂದದ 7ನೆಯ ವಿಧಿಯು, ಒಂದು ದೇಶದ ಪ್ರಜೆಗೆ ಇನ್ನೊಂದು ದೇಶದಲ್ಲಿ ವಾಸ, ಆಸ್ತಿ, ವ್ಯಾಪಾರ, ಸಂಚಾರ ಇವುಗಳಲ್ಲಿ ಸಮಾನ ಸೌಕರ್ಯವನ್ನು ಪರಸ್ಪರವಾಗಿ ಕೊಡಲು ಒಪ್ಪಿತು. ಆದುದರಿಂದ ನೇಪಾಳದಿಂದ ಗಡಿ ದಾಟಿ ಬರುವವನಿಗೆ ಪಾಸ್‌ಪೋರ್ಟೂ ಬೇಡ, ವೀಸಾವೂ ಬೇಡ. ಅವನು ಪರದೇಶಿಯೂ ಹೌದು, ಅಷ್ಟಾಗಿ ಪರದೇಶಿಯಲ್ಲವೂ ಹೌದು.

ಇಂಥವನು ಕಾವಲಿನ ಕೆಲಸಕ್ಕೆ ನಿಲ್ಲುವಾಗ ಕಾಯಿದೆ ಏನೆನ್ನುತ್ತದೆ? 2005ರಲ್ಲಿ ಪಾರ್ಲಿಮೆಂಟು ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. 2006ರ ಮಾರ್ಚಿನಲ್ಲಿ ಅದು ಜಾರಿಗೆ ಬಂದಿತು. ಲೈಸೆನ್ಸಿಲ್ಲದೆ ಯಾರೂ ಕಾವಲುಗಾರರನ್ನು ಒದಗಿಸುವ ವ್ಯಾಪಾರವನ್ನು ನಡೆಸಕೂಡದು. ನಡೆಸಿದರೆ ಒಂದು ವರ್ಷದವರೆಗಿನ ಸೆರೆ, ಅಥವಾ 25,000 ರೂಪಾಯಿಗಳವರೆಗಿನ ಜುಲ್ಮಾನೆ, ಅಥವಾ ಎರಡೂ. ಲೈಸೆನ್ಸನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಕಾವಲುಗಾರನಿಗೆ ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಕೊಡಬೇಕು. ಸೈನಿಕರ ಅಥವಾ ಪೊಲೀಸರ ಸಮವಸ್ತ್ರವನ್ನು ಹೋಲುವ ಉಡುಪನ್ನು ಅವನಿಗೆ ತೊಡಿಸಕೂಡದು.

ಅನ್ಯದೇಶದವರ ವಿಷಯದಲ್ಲಿ ಕಾಯಿದೆಯು ಎರಡು ಬಾಗಿಲುಗಳನ್ನು ಬೇರೆಬೇರೆಯಾಗಿ ಇರಿಸಿದೆ. ಒಂದು ಒಡೆಯನ ಬಾಗಿಲು. 6ನೆಯ ಪ್ರಕರಣದಂತೆ, ಭಾರತದಲ್ಲಿ ನೋಂದಾಯಿಸದ ಕಂಪನಿಗೆ ಲೈಸೆನ್ಸಿಲ್ಲ. ಮಾಲೀಕ, ಹೆಚ್ಚಿನ ಷೇರುಗಳ ಒಡೆಯ, ಪಾಲುದಾರ ಅಥವಾ ನಿರ್ದೇಶಕನು ಭಾರತದ ಪ್ರಜೆಯಲ್ಲದಿದ್ದರೂ ಲೈಸೆನ್ಸಿಲ್ಲ. ಡಿ ಮ್ಯೂರಾನನ ರೆಜಿಮೆಂಟಿನ ಕಥೆಯನ್ನು ಬಲ್ಲವರಿಗೆ ಈ ಪ್ರಕರಣದ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಆಳಿನ ಬಾಗಿಲು. 10ನೆಯ ಪ್ರಕರಣದಂತೆ, ಕಾವಲುಗಾರನು ಭಾರತದ ಪ್ರಜೆಯಾಗಿರಬೇಕು. ಇಲ್ಲವೇ ಕೇಂದ್ರ ಸರಕಾರವು ಗೆಜೆಟ್ಟಿನಲ್ಲಿ ಅಧಿಸೂಚನೆಯ ಮೂಲಕ ಹೆಸರಿಸುವ ಅನ್ಯದೇಶದ ಪ್ರಜೆಯಾಗಿರಬೇಕು. ಕಾಯಿದೆಯು ತಾನಾಗಿ ಯಾವ ದೇಶದ ಹೆಸರನ್ನೂ ಹೇಳಿಲ್ಲ. ಬಾಗಿಲನ್ನು ಮುಚ್ಚಿಯೂ ಇಲ್ಲ, ತೆರೆದೂ ಇಟ್ಟಿಲ್ಲ. ಬೀಗದ ಕೈಯನ್ನು ಸರಕಾರದ ಸೊಂಟಕ್ಕೆ ಸಿಕ್ಕಿಸಿದೆ. ಮಲಾರ್ತಿಕನ ಘೋಷಣೆಯ ಫಲವನ್ನು ನೆನೆದರೆ ಇದು ಕೂಡ ತಕ್ಕುದೇ ಎನ್ನಬೇಕು. ಯಾವ ದೇಶದವರನ್ನು ಕಾವಲಿಗೆ ನಿಲ್ಲಿಸಿಕೊಳ್ಳಬಹುದೆಂಬುದನ್ನು ಲಾಭದ ಲೆಕ್ಕ ಹಾಕುವ ಏಜೆನ್ಸಿಯೊಂದು ತೀರ್ಮಾನಿಸುವುದು ಸಲ್ಲದು.

ದೇಶ ಯಾವುದೆಂದು ಕೇಳಿದ ಬಳಿಕ ಕಾಯಿದೆಯು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ವಯಸ್ಸು 18 ತುಂಬಿರಬೇಕು, 65 ಆಗಿರಕೂಡದು. ನಡತೆಯ ಹಾಗೂ ಪೂರ್ವವೃತ್ತಾಂತದ ಪರಿಶೀಲನೆಯಾಗಬೇಕು. ಶಿಕ್ಷಣ ಮುಗಿದಿರಬೇಕು. 2006ರ ಕೇಂದ್ರ ಮಾದರಿ ನಿಯಮಗಳಲ್ಲಿ ಈ ಶಿಕ್ಷಣಕ್ಕೆ ತರಗತಿಯಲ್ಲಿ 100 ಗಂಟೆ, ಬಯಲಿನಲ್ಲಿ 60 ಗಂಟೆ ಎಂದು ಗೊತ್ತುಮಾಡಲಾಯಿತು. ಸೈನ್ಯದಿಂದಲೋ ಪೊಲೀಸಿನಿಂದಲೋ ನಿವೃತ್ತರಾದವರಿಗೆ 40 ಗಂಟೆ ಹಾಗೂ 16 ಗಂಟೆ ಸಾಕೆನ್ನಲಾಯಿತು. ಬೆಂಕಿ ಬಿದ್ದರೆ ಏನು ಮಾಡಬೇಕು, ಜನಸಂದಣಿಯನ್ನು ಹೇಗೆ ನಿಭಾಯಿಸಬೇಕು, ಗುರುತಿನ ಕಾಗದಗಳನ್ನು ಹೇಗೆ ಪರೀಕ್ಷಿಸಬೇಕು ಎಂಬಂಥವು ಪಾಠದ ವಿಷಯಗಳು. ರಾತ್ರಿ ನಿದ್ದೆಗೆಡುವುದೊಂದೇ ಕಾವಲುಗಾರನ ಅರ್ಹತೆಯೆಂದು ತಿಳಿದವರು ಈ ಪಟ್ಟಿಯನ್ನೊಮ್ಮೆ ಓದಬೇಕು.

ಒಂದು ವಿಪರ್ಯಾಸವನ್ನೂ ಇಲ್ಲಿ ಗಮನಿಸಬೇಕಾಗಿದೆ. 2016ರಲ್ಲಿ ಕೇಂದ್ರ ಸರಕಾರವು ಖಾಸಗಿ ಭದ್ರತಾ ಉದ್ಯಮದಲ್ಲಿ ವಿದೇಶಿ ಬಂಡವಾಳದ ಮಿತಿಯನ್ನು ನೂರಕ್ಕೆ 74ಕ್ಕೆ ಏರಿಸಿತು. 49ನ್ನು ಮೀರಿದುದಕ್ಕೆ ಮಾತ್ರ ಸರಕಾರದ ಒಪ್ಪಿಗೆ ಬೇಕೆಂದಿತು. ಒಡೆಯನ ಬಾಗಿಲಿನಲ್ಲಿ ಹೆಚ್ಚಿನ ಷೇರು ಭಾರತೀಯನದೇ ಆಗಿರಬೇಕೆಂದು ಕಾಯಿದೆ ಹೇಳುತ್ತಿರಲು, ಬಂಡವಾಳದ ನೀತಿಯು ಅದೇ ಬಾಗಿಲನ್ನು ಅಗಲಿಸಹೊರಟಿತು. ಹಣಕ್ಕೆ ಭಾಷೆಯಿಲ್ಲ, ಮುಖವಿಲ್ಲ. ಅದನ್ನು ಕಂಡು ಯಾರ ಮನೆಯ ನಾಯಿಯೂ ಬೊಗಳುವುದಿಲ್ಲ. ಅನುಮಾನವೆಲ್ಲ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತ ಬಡವನ ಪಾಲಿಗೇ.

ಲೈಸೆನ್ಸೆಂಬುದೊಂದು ಬಂದೊಡನೆ ಎಲ್ಲವೂ ನೆಟ್ಟಗಾಗುವುದೆಂದು ಭಾವಿಸುವವರಿಗೆ ಬ್ರಿಟನ್ನಿನ ಅನುಭವವು ಎಚ್ಚರಿಕೆಯಾಗಿ ನಿಲ್ಲುತ್ತದೆ. ಅಲ್ಲಿ 2001ರ ಕಾಯಿದೆಯಂತೆ ಏಜೆನ್ಸಿಗಳ ಒಬ್ಬೊಬ್ಬ ಕಾವಲುಗಾರನಿಗೂ ಪ್ರತ್ಯೇಕ ಲೈಸೆನ್ಸು. ಅದನ್ನು ಕೊಡಲೆಂದೇ ಒಂದು ಪ್ರಾಧಿಕಾರವಿದೆ. ಅದು ಅರ್ಜಿದಾರನ ಶಿಕ್ಷಣವನ್ನೂ ಅವನ ಮೇಲಿನ ಅಪರಾಧಗಳ ದಾಖಲೆಯನ್ನೂ ನೋಡುತ್ತಿತ್ತು. ಆದರೆ ಅವನಿಗೆ ಆ ದೇಶದಲ್ಲಿ ದುಡಿಯುವ ಹಕ್ಕುಂಟೇ ಎಂಬುದನ್ನು ವಿಚಾರಿಸುವ ಹೊಣೆ ಕೆಲಸಕ್ಕಿಟ್ಟುಕೊಂಡವನದೆಂದು ಎಣಿಸಲಾಗಿತ್ತು. ಕೆಲಸಕ್ಕಿಟ್ಟುಕೊಂಡವರಲ್ಲಿ ಹಲವರು, ಲೈಸೆನ್ಸೇ ಇರುವಾಗ ಇನ್ನೇನು ವಿಚಾರಿಸುವುದೆಂದು ಸುಮ್ಮನಾದರು. 2007ರಲ್ಲಿ ಗುಟ್ಟು ಹೊರಬಿದ್ದಿತು. ದುಡಿಯುವ ಹಕ್ಕಿಲ್ಲದ ಸಾವಿರಾರು ವಿದೇಶೀಯರ ಕೈಯಲ್ಲಿ ಸರಕಾರದ ಮೊಹರಿನ ಲೈಸೆನ್ಸುಗಳಿದ್ದುವು. ಅವರಲ್ಲಿ ಕೆಲವರು ಸರಕಾರದ ಕಟ್ಟಡಗಳನ್ನೇ ಕಾಯುತ್ತಿದ್ದರು. ಪಾರ್ಲಿಮೆಂಟಿನಲ್ಲಿ ಗೃಹಮಂತ್ರಿಣಿ ಜಾಕಿ ಸ್ಮಿತ್ ಅವರು ಉತ್ತರ ಹೇಳಬೇಕಾಗಿ ಬಂದಿತು. ಅವನು ನೋಡಿದ್ದಾನೆಂದು ಇವನು, ಇವನು ನೋಡಿದ್ದಾನೆಂದು ಅವನು ಸುಮ್ಮನಿರುವುದು ಯಾವ ದೇಶದ ಕಚೇರಿಗೂ ಹೊಸದಲ್ಲ. ಕಾಗದವು ಪರಿಚಯಕ್ಕೆ ಸಹಾಯವಾಗಬಹುದು. ಪರಿಚಯದ ಸ್ಥಾನದಲ್ಲಿ ಅದನ್ನು ಕೂರಿಸಿದರೆ ಹೀಗಾಗುತ್ತದೆ.

ಭಾರತದ ಕಾಯಿದೆಯಲ್ಲಿ ಕಂಡುಬರುವ ಸಂದು ಬೇರೆ ಬಗೆಯದು. ಅದು ಹಿಡಿದಿರುವುದು ಏಜೆನ್ಸಿಯನ್ನು. ಗೃಹಸ್ಥರೊಬ್ಬರು ತಮ್ಮ ಮನೆಗೆ ತಾವೇ ನೇರವಾಗಿ ಇಟ್ಟುಕೊಂಡ ಕಾವಲುಗಾರನೂ, ಬೀದಿಯವರೆಲ್ಲ ಸೇರಿ ತಿಂಗಳಿಗಿಷ್ಟೆಂದು ಕೊಡುವ ಸೀಟಿಯ ಗೂರ್ಖನೂ ಏಜೆನ್ಸಿಯ ಲೆಕ್ಕದೊಳಗೆ ಬರುವುದಿಲ್ಲ. ಶಿಕ್ಷಣವೂ ಇಲ್ಲ, ಗುರುತಿನ ಚೀಟಿಯೂ ಇಲ್ಲ, ಪೂರ್ವವೃತ್ತಾಂತದ ಪರಿಶೀಲನೆಯೂ ಇಲ್ಲ. ಅವನ ಕಡೆಯಿಂದ ನೋಡಿದರೆ ಭವಿಷ್ಯನಿಧಿಯೂ ಇಲ್ಲ, ರಜೆಯೂ ಇಲ್ಲ, ಜ್ವರ ಬಂದರೆ ಕೇಳುವವರೂ ಇಲ್ಲ. ಮನೆಯವರಿಗೆ ಅಭದ್ರತೆ, ಕಾಯುವವನಿಗೂ ಅಭದ್ರತೆ. ಎರಡಕ್ಕೂ ಕಾರಣ ಒಂದೇ: ಅವನು ಯಾರೆಂದು ಯಾರೂ ಬರೆದಿಟ್ಟುಕೊಂಡಿಲ್ಲ.

ಈ ಸ್ಥಿತಿಯಲ್ಲಿ ಎಲ್ಲಿಯೋ ಒಂದು ಮನೆಯಲ್ಲಿ, ಯಜಮಾನರು ಊರಿಗೆ ಹೋದಾಗ ಕಪಾಟು ಒಡೆದು ಕಾವಲುಗಾರನು ಕಣ್ಮರೆಯಾದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಅಂಥ ಪ್ರಕರಣಗಳು ಬೆಂಗಳೂರಿನಲ್ಲಿ ನಡೆದಿಲ್ಲವೆನ್ನುವಂತಿಲ್ಲ. ಕಳೆದುಕೊಂಡವರ ಸಂಕಟ ಸುಳ್ಳಲ್ಲ; ಮಗಳ ಮದುವೆಗೆಂದು ವರ್ಷಗಟ್ಟಲೆ ಕೂಡಿಸಿಟ್ಟ ಒಡವೆ ಹೋದ ತಾಯಿಗೆ ಅಂತರರಾಷ್ಟ್ರೀಯ ಒಪ್ಪಂದದ ವಿಧಿಗಳು ಸಮಾಧಾನ ಕೊಡಲಾರವು. ಆದರೆ ಸುದ್ದಿ ಬಂದ ಮರುದಿನ ಊರಿನ ಎಲ್ಲ ಗೂರ್ಖರೂ ಆರೋಪಿಗಳಾಗುತ್ತಾರೆ. ಹತ್ತು ವರ್ಷ ಗೇಟು ಕಾಯ್ದವನನ್ನೂ ಮನೆಯಾಕೆ ಓರೆಗಣ್ಣಿನಿಂದ ನೋಡುತ್ತಾಳೆ. ಅವರಲ್ಲಿ ಎಷ್ಟೋ ಮಂದಿ ಅನ್ಯದೇಶದವರೇ ಅಲ್ಲ. ಡಾರ್ಜಿಲಿಂಗಿನ, ಡೆಹ್ರಾಡೂನಿನ, ಅಸ್ಸಾಮಿನ ಗೂರ್ಖರು ಹುಟ್ಟಿನಿಂದಲೇ ಭಾರತದ ಪ್ರಜೆಗಳು. ಮಣಿಪುರದ ಹುಡುಗನಂತೂ ಗೂರ್ಖನೇ ಅಲ್ಲ. ಮುಖವನ್ನು ನೋಡಿ ದೇಶವನ್ನು ನಿರ್ಣಯಿಸುವುದು ಅನ್ಯಾಯ. ದೇಶವನ್ನು ನೋಡಿ ಗುಣವನ್ನು ನಿರ್ಣಯಿಸುವುದು ಅದಕ್ಕಿಂತಲೂ ಅನ್ಯಾಯ.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಕನ್ನಡ ನಾಡಿನ ಯುವಕರೂ ದುಬಾಯಿ, ಕತಾರ್ ಮೊದಲಾದ ದೇಶಗಳಲ್ಲಿ ಅನ್ಯರ ಗೇಟುಗಳನ್ನು ಕಾಯಲು ಹೋಗಿದ್ದಾರೆ. ಅಲ್ಲಿ ಅವರೇ ಪರದೇಶಿಗಳು. ಅಲ್ಲಿಯ ಸರಕಾರದ ಶಿಕ್ಷಣ, ಪರೀಕ್ಷೆ, ಕಾರ್ಡುಗಳಿಗೆ ಅವರೇ ಸಾಲಿನಲ್ಲಿ ನಿಲ್ಲುತ್ತಾರೆ. ಹೊರಗಿನವನೆಂಬುದೇ ಕೆಲವೊಮ್ಮೆ ಕಾವಲುಗಾರನ ಯೋಗ್ಯತೆಯಾದುದೂ ಉಂಟು. ಸಿಂಗಪುರದ ಪೊಲೀಸು ಪಡೆಯಲ್ಲಿ 1949ರಿಂದ ಒಂದು ಗೂರ್ಖ ದಳವಿದೆ. ಊರಿನ ಜನಾಂಗಗಳ ಜಗಳದಲ್ಲಿ ಯಾವ ಪಕ್ಷಕ್ಕೂ ಸೇರದವರು ಬೇಕೆಂದೇ ಅವರನ್ನು ಇರಿಸಿಕೊಳ್ಳಲಾಯಿತು. ಸೇವೆ ಮುಗಿದೊಡನೆ ಅವರು ನೇಪಾಳಕ್ಕೆ ಹಿಂದಿರುಗಬೇಕೆಂಬುದೂ ಅಲ್ಲಿಯ ನಿಯಮ. 2016ರ ಜೂನ್ 20ರಂದು ಕಾಬೂಲಿನಲ್ಲಿ ಕೆನಡಾದ ರಾಯಭಾರಿ ಕಚೇರಿಯ ಕಾವಲುಗಾರರನ್ನು ಕೊಂಡೊಯ್ಯುತ್ತಿದ್ದ ವ್ಯಾನಿನ ಮೇಲೆ ಆತ್ಮಾಹುತಿ ದಾಳಿಯಾಯಿತು. ಸತ್ತವರಲ್ಲಿ ನೇಪಾಳಿಗಳೂ ಇದ್ದರು, ಭಾರತೀಯರೂ ಇದ್ದರು. ಕಾಯ್ದದ್ದು ಕೆನಡಾದ ಬಾಗಿಲು, ನಿಂತದ್ದು ಅಫಘಾನಿಸ್ತಾನದ ನೆಲ, ಬರಿದಾದದ್ದು ನೇಪಾಳದ ಮತ್ತು ಭಾರತದ ಮನೆಗಳು. ಪರದೇಶಿ ಕಾವಲುಗಾರನಿಂದ ಅಪಾಯವುಂಟೇ ಎಂದು ಕೇಳುವ ಜಗತ್ತು, ಅವನಿಗಿರುವ ಅಪಾಯವನ್ನು ಅಷ್ಟಾಗಿ ಕೇಳುವುದಿಲ್ಲ.

ವೈಕುಂಠದ ದ್ವಾರಪಾಲಕರಾದ ಜಯವಿಜಯರು ಬಂದವರು ಸನಕಾದಿಗಳೆಂದು ಗುರುತಿಸದೆ ತಡೆದುದಕ್ಕಾಗಿ ಶಾಪವನ್ನು ಹೊತ್ತರೆಂದು ಪುರಾಣ ಹೇಳುತ್ತದೆ. ಬಾಗಿಲಲ್ಲಿ ನಿಂತವನಿಗೆ ಒಳಬರುವವರ ಗುರುತು ತಿಳಿದಿರಬೇಕೆಂಬುದು ಸರಿ. ಒಳಗಿರುವವರಿಗೆ ಬಾಗಿಲಲ್ಲಿ ನಿಂತವನ ಗುರುತು ತಿಳಿದಿರಬೇಡವೆ? ಎಷ್ಟೋ ಮನೆಗಳಲ್ಲಿ ಅವನ ಹೆಸರು ‘ಬಹದ್ದೂರ್’. ಅದು ನೇಪಾಳಿ ಹೆಸರುಗಳ ನಡುವೆ ಬರುವ ಒಂದು ಮಾತಷ್ಟೆ. ಅದಕ್ಕೆ ಹಿಂದೊಂದು ಹೆಸರು, ಮುಂದೊಂದು ಮನೆತನ, ಎಲ್ಲಿಯೋ ಒಂದು ಜಿಲ್ಲೆ, ಅಲ್ಲೊಂದು ಮನೆ ಇರುತ್ತವೆ.

ಆದುದರಿಂದ ಸಂಸಾರವಂದಿಗರು ಮಾಡಬೇಕಾದುದು ಕಷ್ಟದ ಕೆಲಸವೇನೂ ಅಲ್ಲ. ಏಜೆನ್ಸಿಯ ಮೂಲಕ ಕಾವಲುಗಾರನನ್ನು ಪಡೆಯುವುದಾದರೆ ಅದರ ಲೈಸೆನ್ಸನ್ನು ಕೇಳಿ ನೋಡಬೇಕು. ಅವಧಿ ಮುಗಿದಿದೆಯೇ ಎಂಬುದನ್ನೂ ನೋಡಬೇಕು. ಕಾವಲುಗಾರನ ಗುರುತಿನ ಚೀಟಿ, ಶಿಕ್ಷಣದ ಪ್ರಮಾಣಪತ್ರಗಳನ್ನು ಅಪಾರ್ಟ್‌ಮೆಂಟಿನ ಸಂಘವು ಪರಿಶೀಲಿಸಬೇಕು. ನೇರವಾಗಿ ಇಟ್ಟುಕೊಳ್ಳುವುದಾದರೆ ಅವನ ಭಾವಚಿತ್ರ, ಸ್ವಂತ ಊರಿನ ವಿಳಾಸ, ಬಂಧುಗಳ ದೂರವಾಣಿ ಇವುಗಳನ್ನು ಬರೆದಿಟ್ಟುಕೊಂಡು, ಹತ್ತಿರದ ಪೊಲೀಸು ಠಾಣೆಗೂ ತಿಳಿಸಬೇಕು. ನೇಪಾಳದವನಾದರೆ ಅವನ ಬಳಿ ಆ ದೇಶದ ನಾಗರಿಕತೆಯ ಪ್ರಮಾಣಪತ್ರವಿರುತ್ತದೆ. ಅದರ ಪ್ರತಿಯನ್ನು ತೆಗೆದುಕೊಂಡು ಮೂಲವನ್ನು ಹಿಂದಿರುಗಿಸಬೇಕು. ಮೂಲ ಕಾಗದವನ್ನು ಮನೆಯ ಕಪಾಟಿನಲ್ಲಿ ಒತ್ತೆಯಿಡುವುದು ಭದ್ರತೆಯಲ್ಲ, ದಬ್ಬಾಳಿಕೆ.

ಅದರೊಡನೆಯೇ ಇನ್ನೊಂದು ಬಗೆಯ ಪರಿಶೀಲನೆಯೂ ನಡೆಯಲಿ. ಹನ್ನೆರಡು ಗಂಟೆಯ ಪಾಳಿಯ ಮೇಲೆ ಇನ್ನೊಂದು ಪಾಳಿಯನ್ನು ಅವನಿಂದ ಮಾಡಿಸಲಾಗುತ್ತಿದೆಯೇ? ಕಾರು ತೊಳೆಯುವುದು, ತರಕಾರಿ ತರುವುದು ಇವೆಲ್ಲ ಕಾವಲಿನ ಸಂಬಳದಲ್ಲಿಯೇ ಸೇರಿಹೋಗಿವೆಯೇ? ಸಂಘವು ಏಜೆನ್ಸಿಗೆ ತೆರುವ ಹಣದಲ್ಲಿ ಅವನ ಕೈಗೆ ಸೇರುವುದೆಷ್ಟು? ಕೂರಲು ಒಂದು ಕುರ್ಚಿ, ಮಳೆಗೆ ಒಂದು ಮಾಡು, ಹತ್ತಿರದಲ್ಲಿ ಒಂದು ಶೌಚಾಲಯ ಇವೆಯೇ? ಅರೆನಿದ್ದೆಯಲ್ಲಿ, ಅರೆಹೊಟ್ಟೆಯಲ್ಲಿ ಇರುವವನ ಕೈಗೆ ಮನೆಯ ಬೀಗದ ಕೈಯನ್ನು ಕೊಟ್ಟು, ಅವನು ಯಾವ ದೇಶದವನೆಂದು ಚಿಂತಿಸುವುದರಲ್ಲಿ ಅರ್ಥವಿಲ್ಲ.

ಹಳೆಯ ಪಾಲಹಳ್ಳಿಗೆ ತನ್ನ ತಳವಾರನ ಮೇಲಿದ್ದ ನೆಚ್ಚಿಕೆ ಅವನ ಕುಲದಿಂದ ಬಂದುದಲ್ಲ, ದಿನದಿನದ ಪರಿಚಯದಿಂದ ಬಂದುದು. ಆ ಪರಿಚಯಕ್ಕೆ ಇಂದಿನ ನಗರಜೀವನದಲ್ಲಿ ಬಿಡುವಿಲ್ಲದಿರುವುದರಿಂದಲೇ ಲೈಸೆನ್ಸು, ಚೀಟಿ, ಗೆಜೆಟ್ಟುಗಳೆಲ್ಲ ಬೇಕಾಗಿವೆ. ಯಾವ ದೇಶದವನೆಂಬ ಪ್ರಶ್ನೆಯನ್ನು ಸರಕಾರ ಕೇಳಲಿ. ಅದು ಅದರ ಕರ್ತವ್ಯ. ಅವನ ಹೆಸರೇನು, ಮನೆಯಲ್ಲಿ ಯಾರಿದ್ದಾರೆ, ಊಟವಾಯಿತೇ ಎಂಬ ಪ್ರಶ್ನೆಗಳನ್ನು ಗೇಟಿನ ಒಳಗಿನವರು ಕೇಳಬೇಕು. ಅವನ ಹೆಸರು ಠಾಣೆಯ ದಾಖಲೆಯಲ್ಲಿಯೂ ಮನೆಯವರ ಬಾಯಲ್ಲಿಯೂ ಇರುವ ಕಡೆ ಕಳ್ಳತನಕ್ಕೆ ಎಡೆ ಕಡಿಮೆ; ಅಲ್ಲಿ ಪರದೇಶಿ ಎಂಬ ಮಾತಿನ ಎರಡನೆಯ ಅರ್ಥವಾದರೂ ಅವನಿಗೆ ಸಲ್ಲದೆ ಹೋಗುತ್ತದೆ.